ಭಯೋತ್ಪಾದಕ ಸಂಘಟನೆ ಎಂಬ ಘೋಷಣೆ: ಕಾನೂನಿನ ಎರಡು ದಾರಿ ಮತ್ತು ಬೈಲಹೊಂಗಲ ಸೀಮೆಯ ಇತಿಹಾಸ

ಒಂದು ಗುಂಪನ್ನು ಭಯೋತ್ಪಾದಕ ಸಂಘಟನೆ ಎಂದು ಸಾರುವ ಅಧಿಕಾರ ಸಾಮಾನ್ಯವಾಗಿ ಸರ್ಕಾರದ ಕೈಯಲ್ಲಿರುತ್ತದೆ, ನ್ಯಾಯಾಲಯದ ಕೈಯಲ್ಲಲ್ಲ. ಭಾರತದಲ್ಲಿ ಈ ಕೆಲಸ ಕೇಂದ್ರ ಗೃಹ ಸಚಿವಾಲಯದ್ದು. ಗುಪ್ತಚರ ಸಂಸ್ಥೆಗಳು, ರಾಷ್ಟ್ರೀಯ ತನಿಖಾ ದಳ ಮತ್ತು ರಾಜ್ಯ ಪೊಲೀಸರು ಕೊಟ್ಟ ಮಾಹಿತಿಯಿಂದ ಕಡತ ಬೆಳೆಯುತ್ತದೆ, ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡುತ್ತದೆ, ಅಂದಿನಿಂದ ಆ ಗುಂಪಿನ ನಂಟೇ ಅಪರಾಧವಾಗುತ್ತದೆ. ಇದಕ್ಕೆಲ್ಲ ಆಧಾರ 1967ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ, ಪತ್ರಿಕೆಗಳ ಭಾಷೆಯಲ್ಲಿ ಯುಎಪಿಎ. ಈ ಕಾಯ್ದೆಯೊಳಗೆ ನಿಷೇಧಕ್ಕೆ ಒಂದಲ್ಲ, ಎರಡು ದಾರಿಗಳಿವೆ. 3ನೇ ಕಲಮಿನಡಿ ಒಂದು ಸಂಘವನ್ನು ‘ಕಾನೂನುಬಾಹಿರ ಸಂಘ’ ಎಂದು ಸಾರಬಹುದು. 35ನೇ ಕಲಮಿನಡಿ ಅದನ್ನು ಮೊದಲನೆಯ ಅನುಸೂಚಿಗೆ ಸೇರಿಸಿ ‘ಭಯೋತ್ಪಾದಕ ಸಂಘಟನೆ’ ಎನ್ನಬಹುದು. ಎರಡನೆಯ ಹಣೆಪಟ್ಟಿ ಮೊದಲನೆಯದಕ್ಕಿಂತ ಎಷ್ಟೋ ಪಾಲು ಭಾರ. ಆದರೆ ಹಗುರವಾದ ಹಣೆಪಟ್ಟಿಗೆ ಹೈಕೋರ್ಟ್ ನ್ಯಾಯಮೂರ್ತಿಯ ವಿಚಾರಣೆ ಕಡ್ಡಾಯ, ಭಾರವಾದದ್ದಕ್ಕೆ ಅಂಥ ಯಾವ ವಿಚಾರಣೆಯೂ ಇಲ್ಲ. ಈ ಏರುಪೇರು ಹೇಗೆ ಬಂತು, ಇದನ್ನು ಸಮರ್ಥಿಸಬಹುದೇ ಎಂಬುದು ಈ ಲೇಖನದ ಮುಖ್ಯ ವಿಷಯ. ಸಮರ್ಥಿಸಲಾಗದು ಎಂಬುದಕ್ಕೆ ಸುಪ್ರೀಂ ಕೋರ್ಟಿನ ಹಳೆಯ ತೀರ್ಪುಗಳಲ್ಲಿ ಸಾಕಷ್ಟು ಆಧಾರವಿದೆ. ಬೆಳಗಾವಿ ಜಿಲ್ಲೆಯ ಆಗ್ನೇಯ ಭಾಗದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಇನ್ನೂರು ವರ್ಷದ ಇತಿಹಾಸವೂ ಅದನ್ನೇ ಹೇಳುತ್ತದೆ.

ಮೊದಲನೆಯ ದಾರಿಯನ್ನು ವಿವರವಾಗಿ ನೋಡಬೇಕು, ಏಕೆಂದರೆ ಕಾನೂನು ಇಲ್ಲಿ ತನ್ನ ಅನುಮಾನವನ್ನು ತಾನೇ ಒಪ್ಪಿಕೊಂಡಿದೆ. ದೇಶದ ಯಾವುದೇ ಭಾಗವನ್ನು ಬೇರ್ಪಡಿಸುವ, ಸಾರ್ವಭೌಮತ್ವವನ್ನು ಪ್ರಶ್ನಿಸುವ ಅಥವಾ ದೇಶದ ವಿರುದ್ಧ ಅಪ್ರೀತಿ ಹುಟ್ಟಿಸುವ ಚಟುವಟಿಕೆ ಸಂಘದ ಉದ್ದೇಶವಾಗಿದೆ ಎಂದು ಕೇಂದ್ರ ಸರ್ಕಾರಕ್ಕೆ ಅನ್ನಿಸಿದರೆ ಕಾರಣ ನಮೂದಿಸಿ ಅಧಿಸೂಚನೆ ಹೊರಡಿಸುತ್ತದೆ. ಕೋಮುಗಳ ನಡುವೆ ವೈಷಮ್ಯ ಬೆಳೆಸುವ, ದಂಡಸಂಹಿತೆಯಡಿ ಶಿಕ್ಷಾರ್ಹವಾದ ಕೃತ್ಯಗಳೂ ಇದೇ ವ್ಯಾಪ್ತಿಗೆ ಬರುತ್ತವೆ. ಪ್ರಕಟಿಸುವ ಕ್ರಮ ಹಳೆಯ ಕಾಲದ್ದು: ಆ ಭಾಗದಲ್ಲಿ ಓಡಾಡುವ ದಿನಪತ್ರಿಕೆಯಲ್ಲಿ ಅಚ್ಚಾಗಬೇಕು, ಸಂಘದ ಕಚೇರಿಯ ಗೋಡೆಗೆ ಅಂಟಿಸುವುದು, ಪದಾಧಿಕಾರಿಗಳ ಕೈಗೆ ಕೊಡುವುದು, ಸಂಘ ಕೆಲಸ ಮಾಡುವ ಊರುಗಳಲ್ಲಿ ಡಂಗುರ ಹೊಡೆಸುವುದು ಅಥವಾ ಧ್ವನಿವರ್ಧಕದಲ್ಲಿ ಸಾರುವುದು ಕೂಡ ಕಾಯ್ದೆ ಹೇಳಿದ ಜಾರಿಯ ವಿಧಾನಗಳು. ಡಂಗುರದ ಮಾತು ಇಂದಿಗೂ ಕಾಯ್ದೆಯ ಪಠ್ಯದಲ್ಲಿದೆ. ಮೂವತ್ತು ದಿನದೊಳಗೆ ಸರ್ಕಾರ ಈ ಅಧಿಸೂಚನೆಯನ್ನು ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ನ್ಯಾಯಮಂಡಳಿಗೆ ಒಪ್ಪಿಸಬೇಕು. ಮಂಡಳಿ ಸಂಘಕ್ಕೆ ನೋಟಿಸು ಕೊಟ್ಟು, ಸಾಕ್ಷ್ಯ ಕೇಳಿ, ಆರು ತಿಂಗಳೊಳಗೆ ನಿಷೇಧವನ್ನು ಎತ್ತಿಹಿಡಿಯಬೇಕು ಇಲ್ಲವೇ ರದ್ದು ಮಾಡಬೇಕು. ಮಂಡಳಿ ಒಪ್ಪುವ ತನಕ ಅಧಿಸೂಚನೆಗೆ ಬಲವಿಲ್ಲ; ತುರ್ತು ಇದ್ದರೆ ಮಾತ್ರ ಕಾರಣ ಬರೆದು ತಕ್ಷಣ ಜಾರಿ ಮಾಡಬಹುದು. ನಿಷೇಧಕ್ಕೆ ಕೊನೆಯ ದಿನಾಂಕವೂ ಉಂಟು: ಮೊದಲು ಎರಡು ವರ್ಷ, 2013ರ ತಿದ್ದುಪಡಿಯ ನಂತರ ಐದು ವರ್ಷ. ಅವಧಿ ಮುಗಿದ ಮೇಲೂ ಬೇಕೆಂದರೆ ಹೊಸ ಅಧಿಸೂಚನೆ, ಹೊಸ ವಿಚಾರಣೆ.

ಎರಡನೆಯ ದಾರಿ ಚಿಕ್ಕದು. ಸಂಘಟನೆಯೊಂದು ಭಯೋತ್ಪಾದನೆ ನಡೆಸುತ್ತಿದೆ, ಅದಕ್ಕೆ ಸಿದ್ಧತೆ ಮಾಡುತ್ತಿದೆ, ಪ್ರೋತ್ಸಾಹ ಕೊಡುತ್ತಿದೆ ಅಥವಾ ಬೇರೆ ರೀತಿಯಲ್ಲಿ ಅದರಲ್ಲಿ ತೊಡಗಿದೆ ಎಂದು ಸರ್ಕಾರ ನಂಬಿದರೆ ಸಾಕು, ಗೆಜೆಟ್ ಮೂಲಕ ಹೆಸರನ್ನು ಮೊದಲನೆಯ ಅನುಸೂಚಿಗೆ ಸೇರಿಸಬಹುದು. ಕಾರಣ ಕೇಳುವ ನೋಟಿಸು ಇಲ್ಲ, ನ್ಯಾಯಮಂಡಳಿ ಇಲ್ಲ, ಅವಧಿಯ ಮಿತಿ ಇಲ್ಲ. ಹೆಸರು ತೆಗೆಸಬೇಕಾದರೆ ಸಂಘಟನೆಯೋ ಬಾಧಿತ ವ್ಯಕ್ತಿಯೋ ಸರ್ಕಾರಕ್ಕೇ ಅರ್ಜಿ ಹಾಕಬೇಕು. ಸರ್ಕಾರ ತಳ್ಳಿಹಾಕಿದರೆ ಹಾಲಿ ಅಥವಾ ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಯ ಅಧ್ಯಕ್ಷತೆಯ ಪುನರ್‌ಪರಿಶೀಲನಾ ಸಮಿತಿಯ ಮುಂದೆ ಹೋಗಬೇಕು. ಆ ಸಮಿತಿಯನ್ನು ರಚಿಸುವುದೂ ಕೇಂದ್ರ ಸರ್ಕಾರವೇ. ಈ ಪಟ್ಟಿಯಲ್ಲಿ ಇಂದು 40ಕ್ಕೂ ಹೆಚ್ಚು ನಮೂದುಗಳಿವೆ: ಲಷ್ಕರ್-ಎ-ತೊಯ್ಬಾ, ಜೈಷ್-ಎ-ಮೊಹಮ್ಮದ್, ಎಲ್‌ಟಿಟಿಇ, 2009ರ ಜೂನ್‌ನಲ್ಲಿ ಸೇರಿದ ಸಿಪಿಐ (ಮಾವೋವಾದಿ), 2023ರ ಜನವರಿಯಲ್ಲಿ ಸೇರಿದ ದಿ ರೆಸಿಸ್ಟನ್ಸ್ ಫ್ರಂಟ್. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹೆಸರಿಸಿದ ಸಂಘಟನೆಗಳೂ ಇದರೊಳಗೆ ಬರುತ್ತವೆ. 2019ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಿಡಿ ವ್ಯಕ್ತಿಗಳನ್ನೂ ನಾಲ್ಕನೆಯ ಅನುಸೂಚಿಯಲ್ಲಿ ಭಯೋತ್ಪಾದಕರೆಂದು ಬರೆಯಲು ಅವಕಾಶ ಕೊಟ್ಟಿತು.

ಹಣೆಪಟ್ಟಿಯ ಭಾರ ಶಿಕ್ಷೆಯಲ್ಲಿ ಕಾಣುತ್ತದೆ. ಕಾನೂನುಬಾಹಿರ ಸಂಘದ ಸದಸ್ಯತ್ವಕ್ಕೆ ಸಾಮಾನ್ಯವಾಗಿ ಎರಡು ವರ್ಷದವರೆಗೆ ಸೆರೆ. ಭಯೋತ್ಪಾದಕ ಸಂಘಟನೆಯ ಸದಸ್ಯತ್ವಕ್ಕೆ, ಅದಕ್ಕೆ ಬೆಂಬಲ ಕೊಟ್ಟಿದ್ದಕ್ಕೆ ಹತ್ತು ವರ್ಷದವರೆಗೆ. ಹಣ ಕೂಡಿಸಿದ್ದಕ್ಕೆ ಹದಿನಾಲ್ಕು. ಭಯೋತ್ಪಾದಕ ಕೃತ್ಯದಲ್ಲಿ ತೊಡಗಿದ ಸಂಘಟನೆಯ ಸದಸ್ಯನೆಂದು 20ನೇ ಕಲಮು ಹಚ್ಚಿದರೆ ಜೀವಾವಧಿಯವರೆಗೆ. ಜಾಮೀನಿನ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. ಭಯೋತ್ಪಾದನೆಯ ಅಧ್ಯಾಯಗಳಡಿಯ ಆರೋಪಕ್ಕೆ, ಮೇಲ್ನೋಟಕ್ಕೆ ಆರೋಪ ನಿಜವೆನಿಸಿದರೆ ಜಾಮೀನು ಕೊಡಕೂಡದು. ಸುಪ್ರೀಂ ಕೋರ್ಟ್ ತೀರ್ಮಾನಿಸಿದ 2019ರ ವಟಾಲಿ ಪ್ರಕರಣದ ನಂತರ ಆ ಹಂತದಲ್ಲಿ ನ್ಯಾಯಾಲಯ ಪೊಲೀಸರ ಸಾಕ್ಷ್ಯವನ್ನು ಆಳವಾಗಿ ತೂಗುವಂತೆಯೂ ಇಲ್ಲ. ಬೇರೆಲ್ಲ ಮೊಕದ್ದಮೆಗಳಲ್ಲಿ ಮುಖ್ಯ ಪ್ರಶ್ನೆ ಆರೋಪಿ ಏನು ಮಾಡಿದ ಎಂಬುದು. ಇಲ್ಲಿ ಆತ ಯಾರ ಜೊತೆಗಿದ್ದ ಎಂಬುದು ಅದರ ಜಾಗಕ್ಕೆ ಬರುತ್ತದೆ, ಮತ್ತು ಆ ‘ಯಾರು’ ಪಟ್ಟಿಗೆ ಸೇರಿದ್ದು ಸರಿಯೇ ಎಂದು ವಿಚಾರಣಾ ನ್ಯಾಯಾಧೀಶರು ಕೇಳುವಂತಿಲ್ಲ. 2011ರಲ್ಲಿ ಅರೂಪ್ ಭುಯಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರೀ ಸದಸ್ಯತ್ವ ಅಪರಾಧವಲ್ಲ, ಹಿಂಸೆಗೆ ಕೈಹಾಕಿರಬೇಕು ಎಂದಿತ್ತು. 2023ರ ಮಾರ್ಚ್ 24ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆ ಮಾತನ್ನು ಅಳಿಸಿಹಾಕಿತು. ಆ ತೀರ್ಪು ಕಾನೂನುಬಾಹಿರ ಸಂಘಗಳಿಗೆ ಸಂಬಂಧಿಸಿದ್ದು. ಆದರೆ ಅದರ ಪರಿಣಾಮವಾಗಿ ಸಂಘದ ಮೇಲಿನ ಘೋಷಣೆಯೇ ಇಡೀ ಮೊಕದ್ದಮೆಯ ಅಡಿಪಾಯವಾಯಿತು. ಅಡಿಪಾಯಕ್ಕೆ ಇಷ್ಟು ಹೊರೆ ಹೊರಿಸಿದ ಮೇಲೆ ಅದರ ಗಟ್ಟಿತನವನ್ನು ಯಾರಾದರೂ ಪರೀಕ್ಷಿಸಲೇಬೇಕಾಗುತ್ತದೆ.

ಪಟ್ಟಿ ಮಾಡಿ ನಿಷೇಧಿಸುವ ಪದ್ಧತಿ ಹಿಂದಿನ ಆಳ್ವಿಕೆಗಳಿಗೆ ಬೇಕಾಗಿರಲಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ ಈಸ್ಟ್ ಇಂಡಿಯಾ ಕಂಪನಿ ಉತ್ತರ ಕೊಟ್ಟದ್ದು ಸೈನ್ಯದಿಂದ. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ತೀರಿಕೊಂಡರು. ಬೀಡಿ, ಸಂಪಗಾಂವಿಗಳ ಸರ್ಕಾರಿ ಕಚೇರಿಗಳ ಮೇಲೆ ದಾಳಿ ಮಾಡಿದ ಸಂಗೊಳ್ಳಿ ರಾಯಣ್ಣನ ಪಡೆಯನ್ನು ಕಂಪನಿ ಬಂಡಾಯವೆಂದೇ ಕಂಡಿತು. 1830ರ ಏಪ್ರಿಲ್‌ನಲ್ಲಿ ಸೆರೆಸಿಕ್ಕ ರಾಯಣ್ಣನಿಗೆ 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಾಯಿತು. 1858ರ ಮೇ ತಿಂಗಳ ಕೊನೆಯಲ್ಲಿ ಈಗಿನ ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬನ ಜನ ರಾತ್ರಿ ವೇಳೆ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ಜೂನ್ 12ಕ್ಕೆಲ್ಲ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿ ಆಗಿತ್ತು. ಈ ಮೂರೂ ಪ್ರಸಂಗಗಳಲ್ಲಿ ಶಿಕ್ಷೆ ಭೀಕರ, ವಿಚಾರಣೆ ಇದ್ದಲ್ಲಿ ಅವಸರದ್ದು. ಆದರೆ ಆರೋಪ ಮಾತ್ರ ಮಾಡಿದ ಕೃತ್ಯದ ಮೇಲೆ: ಇಂಥ ದಿನ ಇಂಥ ಕಡೆ ಕೊಂದರು, ಸುಟ್ಟರು, ಬಂಡೆದ್ದರು. ಹೆಸರನ್ನು ಮೊದಲು ಬರೆದಿಟ್ಟು ಆಮೇಲೆ ಜನರನ್ನು ಆ ಹೆಸರಿಗೆ ಜೋಡಿಸುವ ತಂತ್ರ ಇನ್ನೂ ಬಂದಿರಲಿಲ್ಲ.

ಆ ತಂತ್ರ ಬಂದದ್ದು 1908ರ ಕ್ರಿಮಿನಲ್ ಲಾ ಅಮೆಂಡ್‌ಮೆಂಟ್ ಕಾಯ್ದೆಯಿಂದ. ಬಂಗಾಳದ ಅನುಶೀಲನ ಸಮಿತಿಯಂಥ ಗುಪ್ತ ಸಂಘಗಳನ್ನು ಮುರಿಯಲು ಬರೆದ ಈ ಕಾಯ್ದೆಯ 16ನೇ ಕಲಮು, ಯಾವುದೇ ಸಂಘ ಕಾನೂನಿನ ಆಡಳಿತಕ್ಕೆ ಅಡ್ಡಿಯಾಗಿದೆ ಅಥವಾ ಸಾರ್ವಜನಿಕ ಶಾಂತಿಗೆ ಅಪಾಯ ಎಂಬ ಅಭಿಪ್ರಾಯ ಸರ್ಕಾರಕ್ಕೆ ಬಂದರೆ ಗೆಜೆಟ್‌ನಲ್ಲಿ ಅದನ್ನು ಕಾನೂನುಬಾಹಿರವೆಂದು ಸಾರಬಹುದು ಎಂದಿತು. ಅಭಿಪ್ರಾಯ ಬಂದರೆ ಸಾಕು, ಯಾರ ಮುಂದೆಯೂ ರುಜುವಾತು ಮಾಡಬೇಕಾಗಿರಲಿಲ್ಲ. ಬಾಂಬು ತಯಾರಿಸುವವರಿಗೆಂದು ಹೆಣೆದ ಬಲೆಗೆ ಮುಂದೆ ಸಿಕ್ಕವರು ನೂಲು ತೆಗೆಯುವವರು. 1924ರ ಡಿಸೆಂಬರ್‌ನಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಅಧಿವೇಶನ ನಡೆಸಿದ ಕಾಂಗ್ರೆಸ್, ಏಳೇ ವರ್ಷಗಳ ನಂತರ, 1932ರ ಜನವರಿಯಲ್ಲಿ ವೈಸರಾಯ್ ವಿಲ್ಲಿಂಗ್ಡನ್ ಆಡಳಿತದ ಸುಗ್ರೀವಾಜ್ಞೆಗಳ ಜೊತೆಗೆ ಇದೇ ಕಾಯ್ದೆಯ ಹೊಡೆತಕ್ಕೆ ಸಿಕ್ಕಿ ಕಾನೂನುಬಾಹಿರವಾಯಿತು. ಆಗ ಸಂಪಗಾಂವಿ ತಾಲೂಕೆನಿಸಿದ್ದ ಬೈಲಹೊಂಗಲ, ಪರಸಗಡ ತಾಲೂಕೆನಿಸಿದ್ದ ಸವದತ್ತಿ ಮುಂಬೈ ಇಲಾಖೆಯ ನೇರ ಆಡಳಿತದಲ್ಲಿದ್ದವು. ಹೀಗಾಗಿ ಮುಂಬೈ ಸರ್ಕಾರದ ಅಧಿಸೂಚನೆ ಇಲ್ಲಿಯ ಹಳ್ಳಿಗಳಿಗೂ ಅನ್ವಯಿಸಿತು. ಹುಬ್ಬಳ್ಳಿಯ ನಾ. ಸು. ಹರ್ಡೀಕರರು ಕಟ್ಟಿದ ಹಿಂದೂಸ್ತಾನಿ ಸೇವಾದಳದ ಮೇಲೂ ನಿಷೇಧ ಬಿತ್ತು. 1942ರ ಆಗಸ್ಟ್‌ನಲ್ಲಿ ಇದೇ ಕಲಮು ಮತ್ತೊಮ್ಮೆ ಕೆಲಸಕ್ಕೆ ಬಂತು. ಆ ವರ್ಷ ಬೆಳಗಾವಿ ಜಿಲ್ಲೆಯಲ್ಲಿ ಚಾವಡಿ ಸುಡುವುದು, ತಂತಿ ಕತ್ತರಿಸುವುದು ನಿಜವಾಗಿಯೂ ನಡೆಯಿತು ಎಂಬುದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ಚಾವಡಿ ಸುಟ್ಟವನಿಗೂ ಖಾದಿ ಭಂಡಾರದಲ್ಲಿ ಕೂತವನಿಗೂ ಗೆಜೆಟ್ ಒಂದೇ ಹೆಸರು ಕೊಟ್ಟಿತು.

ರಾಮದುರ್ಗದ ಕಥೆ ಬೇರೆ, ಮತ್ತು ಈ ವಾದಕ್ಕೆ ಬೇರೆಯೇ ಉಪಯೋಗದ್ದು. ಅದು ಭಾವೆ ಮನೆತನದ ಸಂಸ್ಥಾನ. 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರುವವರೆಗೆ ಅಲ್ಲಿ ರಾಜನದೇ ಆಡಳಿತ. 1939ರ ಏಪ್ರಿಲ್‌ನಲ್ಲಿ ಪ್ರಜಾಸಂಘದ ಮುಖಂಡರ ಬಂಧನದಿಂದ ಕೆರಳಿದ ಜನ ಸೆರೆಮನೆಗೆ ನುಗ್ಗಿದರು, ಪೊಲೀಸರು ಹತರಾದರು. ಗಾಂಧೀಜಿ ಸಂಸ್ಥಾನದ ಪ್ರಜೆಗಳ ಹಕ್ಕಿನ ಪರವಿದ್ದರೂ ಈ ಹಿಂಸೆಯನ್ನು ಒಪ್ಪಲಿಲ್ಲ. ವಿಚಾರಣೆ ನಡೆದು ಕೆಲವರಿಗೆ ಗಲ್ಲು, ಹಲವರಿಗೆ ದೀರ್ಘ ಸೆರೆವಾಸವಾಯಿತು. ಆ ವಿಚಾರಣೆ ಎಷ್ಟು ನ್ಯಾಯವಾಗಿತ್ತು ಎಂಬ ಚರ್ಚೆ ಬೇರೆ. ಪೊಲೀಸರನ್ನು ಕೊಂದ ಗುಂಪನ್ನು ಶಿಕ್ಷಿಸಲು ಕೊಲೆಯ ಕಾನೂನೇ ಸಾಕಾಯಿತು ಎಂಬುದಷ್ಟೇ ಇಲ್ಲಿ ಗಮನಿಸಬೇಕಾದದ್ದು. ಸಂಘಟನೆಯನ್ನೇ ಹೆಸರಿಸುವ ಕಾಯ್ದೆ ಬೇಕೆನ್ನುವವರು, ಕೃತ್ಯದ ಕಾನೂನಿಗೆ ಸಿಗದ ಯಾವುದು ಇದಕ್ಕೆ ಸಿಗುತ್ತದೆ ಎಂದು ಹೇಳಬೇಕಾಗುತ್ತದೆ. ಪ್ರಾಮಾಣಿಕ ಉತ್ತರ ಇದೆ: ಹಣದ ಹರಿವು, ನೇಮಕಾತಿ, ಗಡಿಯಾಚೆಯ ತರಬೇತಿ, ಸ್ಫೋಟಕ್ಕೆ ಮೊದಲಿನ ತಯಾರಿ. ಇವನ್ನು ತಡೆಯಲು ಕೊಲೆ ಆಗುವವರೆಗೆ ಕಾಯಲಾಗದು. ಹಾಗಾಗಿ ಪಟ್ಟಿಯೇ ಬೇಡ ಎಂಬ ವಾದವನ್ನು ಈ ಲೇಖನ ಮಾಡುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೂ 1908ರ ಕಾಯ್ದೆ ಉಳಿಯಿತು, ಬಳಸುವ ಕೈ ಬದಲಾಯಿತು. ಮದ್ರಾಸ್ ಮತ್ತು ಪಶ್ಚಿಮ ಬಂಗಾಳಗಳಲ್ಲಿ ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಲಾಯಿತು. 1948ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘದ ಮೇಲೆ ನಿಷೇಧ ಬಂದು ಮರುವರ್ಷ ಜುಲೈವರೆಗೆ ನಡೆಯಿತು. ಈ ಕಾಯ್ದೆಯ ಬುಡಕ್ಕೆ ಕೊಡಲಿ ಬಿದ್ದದ್ದು 1952ರ ಮಾರ್ಚ್ 31ರಂದು, ವಿ. ಜಿ. ರೋ ಪ್ರಕರಣದಲ್ಲಿ. ಆಗ ಮಂಗಳೂರು, ಕಾಸರಗೋಡು, ಬಳ್ಳಾರಿಗಳನ್ನೂ ಒಳಗೊಂಡಿದ್ದ ಮದ್ರಾಸ್ ರಾಜ್ಯ, ಪೀಪಲ್ಸ್ ಎಜುಕೇಶನ್ ಸೊಸೈಟಿ ಎಂಬ ಸಂಸ್ಥೆಯನ್ನು ಕಾನೂನುಬಾಹಿರವೆಂದು ಸಾರಿತ್ತು. ಮುಖ್ಯ ನ್ಯಾಯಮೂರ್ತಿ ಪತಂಜಲಿ ಶಾಸ್ತ್ರಿಗಳ ಪೀಠ, ಹಾಗೆ ಸಾರಲು ಅಧಿಕಾರ ಕೊಟ್ಟಿದ್ದ ಕಲಮನ್ನು ಹೊಡೆದುಹಾಕಿತು. ಸಂಘ ಕಟ್ಟುವ ಹಕ್ಕು ಸಂವಿಧಾನ ಕೊಟ್ಟದ್ದು. ಅದನ್ನು ಸರ್ಕಾರದ ಮನಸ್ಸಿಗೆ ತೋಚಿದ್ದರ ಮೇಲೆ, ಕಾರಣಗಳನ್ನು ನ್ಯಾಯಿಕ ವಿಚಾರಣೆಗೆ ಒಡ್ಡದೆ ಕಿತ್ತುಕೊಳ್ಳಲಾಗದು ಎಂಬುದು ತೀರ್ಪಿನ ತಿರುಳು. ಇದರಲ್ಲಿ ಇಂದಿಗೆ ಅತ್ಯಂತ ಮುಖ್ಯವಾದ ಭಾಗವನ್ನು ಹೆಚ್ಚಿನವರು ಗಮನಿಸುವುದಿಲ್ಲ. 1908ರ ಕಾಯ್ದೆಯ ಮದ್ರಾಸ್ ರೂಪದಲ್ಲಿ ಸಲಹಾ ಮಂಡಳಿಯೊಂದು ಇತ್ತು. ಕಡತವನ್ನು ಅದರ ಮುಂದಿಟ್ಟು, ಸಾಕಷ್ಟು ಕಾರಣವಿಲ್ಲವೆಂದು ಅದು ಹೇಳಿದರೆ ನಿಷೇಧ ಹಿಂತೆಗೆಯಬೇಕಿತ್ತು. ಅಂಥ ಮಂಡಳಿ ನ್ಯಾಯಿಕ ವಿಚಾರಣೆಗೆ ಬದಲಿಯಾಗದು ಎಂದು ಕೋರ್ಟು ಹೇಳಿತು. 1967ರ ಕಾಯ್ದೆಯಲ್ಲಿ ನ್ಯಾಯಮಂಡಳಿ ಬಂದುದರ ಹಿಂದೆ ಈ ತೀರ್ಪಿನ ನೆರಳಿದೆ.

ಈ ನ್ಯಾಯಮಂಡಳಿಗಳು ಬರೀ ಮುದ್ರೆ ಒತ್ತುವ ಕಚೇರಿಗಳು ಎಂಬ ಟೀಕೆಯಿದೆ. ಬಹಳಷ್ಟು ಸಲ ಅವು ಸರ್ಕಾರದ ಮಾತನ್ನೇ ಎತ್ತಿಹಿಡಿದಿರುವುದು ನಿಜ. ಆದರೂ ದಾಖಲೆ ಪೂರ್ತಿ ಹಾಗಿಲ್ಲ. ಬಾಬರಿ ಮಸೀದಿ ಉರುಳಿದ ನಾಲ್ಕನೇ ದಿನ, 1992ರ ಡಿಸೆಂಬರ್ 10ರಂದು, ಕೇಂದ್ರ ಐದು ಸಂಘಟನೆಗಳನ್ನು ನಿಷೇಧಿಸಿತು. 1993ರ ಜೂನ್‌ನಲ್ಲಿ ನ್ಯಾಯಮೂರ್ತಿ ಬಾಹ್ರಿ ಅವರ ಮಂಡಳಿ ಆರೆಸ್ಸೆಸ್ ಮತ್ತು ಬಜರಂಗ ದಳದ ಮೇಲಿನ ನಿಷೇಧಕ್ಕೆ ಸಾಕ್ಷ್ಯ ಸಾಲದೆಂದು ರದ್ದು ಮಾಡಿತು, ವಿಶ್ವ ಹಿಂದೂ ಪರಿಷತ್ತಿನದನ್ನು ಎತ್ತಿಹಿಡಿಯಿತು. ಆ ಐದರಲ್ಲಿ ಒಂದಾದ ಜಮಾಅತೆ ಇಸ್ಲಾಮಿ ಹಿಂದ್ ಸುಪ್ರೀಂ ಕೋರ್ಟಿಗೆ ಹೋಯಿತು. 1994ರ ಡಿಸೆಂಬರ್‌ನಲ್ಲಿ ಆ ಅಧಿಸೂಚನೆಯೂ ಬಿತ್ತು. ಗುಪ್ತ ಮಾಹಿತಿಯನ್ನು ಸಂಘಕ್ಕೆ ತೋರಿಸದಿರಬಹುದು, ಆದರೆ ನ್ಯಾಯಮಂಡಳಿ ಅದನ್ನು ಓದಿ, ನಂಬಲರ್ಹವೇ ಎಂದು ತಾನೇ ತೂಗಿ ನೋಡಲೇಬೇಕು ಎಂದು ಆ ತೀರ್ಪು ನಿಯಮ ಹಾಕಿಕೊಟ್ಟಿತು. 2008ರ ಆಗಸ್ಟ್ 5ರಂದು ನ್ಯಾಯಮೂರ್ತಿ ಗೀತಾ ಮಿತ್ತಲ್ ಅವರ ಮಂಡಳಿ ಸಿಮಿ (ಸ್ಟೂಡೆಂಟ್ಸ್ ಇಸ್ಲಾಮಿಕ್ ಮೂವ್‌ಮೆಂಟ್ ಆಫ್ ಇಂಡಿಯಾ) ಮೇಲಿನ ನಿಷೇಧವನ್ನು ಎತ್ತಿತು. ಮರುದಿನವೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನಾಲ್ಕೂ ಪ್ರಸಂಗಗಳು ಸೇರಿ ಹೇಳುವುದು ಇಷ್ಟು: ವಿಚಾರಣೆ ಇದ್ದಲ್ಲಿ, ಯಾವ ಧರ್ಮದ ಯಾವ ಪಕ್ಷದ ಸಂಘಟನೆಯೇ ಇರಲಿ, ಕೆಲವು ನಿಷೇಧಗಳು ನಿಂತಿವೆ, ಕೆಲವು ಬಿದ್ದಿವೆ.

ಹಾಗಾದರೆ ಎರಡನೆಯ ದಾರಿ ಎಲ್ಲಿಂದ ಬಂತು? 1985ರ ಭಯೋತ್ಪಾದನಾ ವಿರೋಧಿ ಕಾಯ್ದೆ ಟಾಡಾ ಕೃತ್ಯಗಳನ್ನು ಶಿಕ್ಷಿಸಿತೇ ಹೊರತು ಸಂಘಟನೆಗಳ ಪಟ್ಟಿ ಮಾಡಲಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಭದ್ರತಾ ಮಂಡಳಿಯ 1373ನೇ ನಿರ್ಣಯ ಬಂತು, ಅಕ್ಟೋಬರ್‌ನಲ್ಲಿ ಭಯೋತ್ಪಾದನೆ ತಡೆಯ (ಪೋಟಾ) ಸುಗ್ರೀವಾಜ್ಞೆ ಹೊರಟಿತು, ಅದರ ಜೊತೆಗೆ ಅನುಸೂಚಿ. 2004ರಲ್ಲಿ ಪೋಟಾ ರದ್ದಾದಾಗ ಆ ಪಟ್ಟಿಯನ್ನು ಹಾಗೇ ಎತ್ತಿ ಯುಎಪಿಎಗೆ ಅಂಟಿಸಲಾಯಿತು. ಒಂದೇ ಕಾಯ್ದೆಯಲ್ಲಿ ಎರಡು ಯುಗಗಳ ಎರಡು ದಾರಿಗಳು ಅಕ್ಕಪಕ್ಕ ಸೇರಿಕೊಂಡದ್ದು ಹೀಗೆ. ಪೋಟಾ ರದ್ದಾಯಿತೆಂಬ ಸಮಾಧಾನದಲ್ಲಿ ಈ ಅಂಟಿಸುವಿಕೆ ಹೆಚ್ಚು ಚರ್ಚೆಗೆ ಬರಲಿಲ್ಲ.

ಎರಡರ ನಡುವಿನ ವ್ಯತ್ಯಾಸವನ್ನು ಕನ್ನಡ ನಾಡಿನ ಎರಡು ಉದಾಹರಣೆಗಳು ಚೆನ್ನಾಗಿ ತೋರಿಸುತ್ತವೆ. 1924ರಲ್ಲಿ ಹುಟ್ಟಿದ, ಸ್ಥಾಪಕ ತನ್ನನ್ನು ಚನ್ನಬಸವೇಶ್ವರನೆಂದು ಕರೆದುಕೊಂಡಿದ್ದ ದೀನ್‌ದಾರ್ ಅಂಜುಮನ್ ಪಂಥದ ಕೆಲವರು 2000ದ ಜೂನ್-ಜುಲೈಯಲ್ಲಿ ವಾಡಿ, ಹುಬ್ಬಳ್ಳಿ, ಬೆಂಗಳೂರುಗಳ ಚರ್ಚುಗಳಲ್ಲಿ ಬಾಂಬು ಸ್ಫೋಟಿಸಿದರು. ಜುಲೈ 9ರಂದು ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ವ್ಯಾನೊಂದು ಸಿಡಿದು ಅದರಲ್ಲಿದ್ದವರೇ ಸತ್ತಾಗ ಸುಳಿವು ಸಿಕ್ಕಿತು. 2008ರ ನವೆಂಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 23 ಜನರನ್ನು ಅಪರಾಧಿಗಳೆಂದು ಘೋಷಿಸಿತು. ಕೃತ್ಯದ ಮೇಲಿನ ವಿಚಾರಣೆ ತನ್ನ ಕೆಲಸ ಮಾಡಿತು. ಸಂಘಟನೆಯನ್ನು 2001ರಲ್ಲಿ ಕಾನೂನುಬಾಹಿರವೆಂದು ಸಾರಲಾಗಿತ್ತು. ಮುಂದೆ ಅದು ಭಯೋತ್ಪಾದಕ ಸಂಘಟನೆಗಳ ಅನುಸೂಚಿಗೂ ಸೇರಿತು, ಇಂದಿಗೂ ಅಲ್ಲಿದೆ. ಅಪರಾಧಿಗಳ ಕೃತ್ಯದ ಬಗ್ಗೆ ಸಂಶಯವಿಲ್ಲ. ಆದರೆ ಆ ಪಂಥದ ಸಾಮಾನ್ಯ ಅನುಯಾಯಿಯ ಮೇಲೆ ಎರಡು ದಶಕಗಳ ಬಳಿಕವೂ ಆ ಹೆಸರು ತೂಗುತ್ತಿರಬೇಕೇ ಎಂದು ಯಾವ ನ್ಯಾಯಮೂರ್ತಿಯೂ ನಿಯತವಾಗಿ ಕೇಳಬೇಕಾಗಿಲ್ಲ. ಇನ್ನೊಂದು ಪಾಪ್ಯುಲರ್ ಫ್ರಂಟ್ ಆಫ್ ಇಂಡಿಯಾ (ಪಿಎಫ್‌ಐ). ಕರ್ನಾಟಕ, ಉತ್ತರ ಪ್ರದೇಶ, ಗುಜರಾತ್ ಸರ್ಕಾರಗಳು ಶಿಫಾರಸು ಮಾಡಿದ್ದವೆಂದು ಅಧಿಸೂಚನೆಯಲ್ಲೇ ಬರೆದು, 2022ರ ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರ ಅದನ್ನು ಐದು ವರ್ಷಕ್ಕೆ ನಿಷೇಧಿಸಿತು. ಪತ್ರಿಕೆಗಳು ಭಯೋತ್ಪಾದಕ ಸಂಘಟನೆ ಎಂದೇ ಬರೆದರೂ ಕಾನೂನಿನಲ್ಲಿ ಅದು ಬಿದ್ದದ್ದು 3ನೇ ಕಲಮಿಗೆ. ತಕ್ಷಣದ ಜಾರಿಯನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ ಆ ನವೆಂಬರ್ 30ರಂದು ತಳ್ಳಿಹಾಕಿತು. 2023ರ ಮಾರ್ಚ್ 21ರಂದು ನ್ಯಾಯಮೂರ್ತಿ ದಿನೇಶ್ ಕುಮಾರ್ ಶರ್ಮಾ ಅವರ ಮಂಡಳಿ ನಿಷೇಧವನ್ನು ದೃಢಪಡಿಸಿತು.

ಈ ಎರಡನೆಯ ಉದಾಹರಣೆ ಸರ್ಕಾರದ ಪ್ರಬಲ ಆಕ್ಷೇಪಕ್ಕೆ ತಾನೇ ಉತ್ತರ. ಭಯೋತ್ಪಾದಕರ ವಿಷಯದಲ್ಲಿ ತಡಮಾಡಲಾಗದು, ಗುಪ್ತಚರ ಮೂಲಗಳನ್ನು ಬಯಲಿಗೆ ಇಡಲಾಗದು, ನೋಟಿಸು ಕೊಟ್ಟರೆ ಹಣ-ಆಯುಧ ಮಾಯವಾಗುತ್ತವೆ ಎಂಬುದು ಆ ಆಕ್ಷೇಪ. ಇದು ಹುಸಿ ಭಯವಲ್ಲ. ಆದರೆ ಪಿಎಫ್‌ಐ ಕಚೇರಿಗಳಿಗೆ ಬೀಗ ಬಿದ್ದದ್ದು ಅಧಿಸೂಚನೆಯ ಹಿಂದೆಯೇ. ವಿಚಾರಣೆ ಆಮೇಲೆ ನಡೆಯಿತು. ಗುಪ್ತ ದಾಖಲೆಗೆ ಮುಚ್ಚಿದ ಲಕೋಟೆಯ ದಾರಿಯನ್ನು 1994ರ ತೀರ್ಪೇ ತೋರಿಸಿದೆ. ವೇಗವನ್ನೂ ಗೋಪ್ಯವನ್ನೂ ಉಳಿಸಿಕೊಂಡು ವಿಚಾರಣೆ ನಡೆಸಬಹುದು ಎಂದು ಮೊದಲನೆಯ ದಾರಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತೋರಿಸಿಕೊಟ್ಟಿರುವಾಗ, ಎರಡನೆಯದಕ್ಕೆ ಅದು ಅಸಾಧ್ಯ ಎನ್ನಲು ಕಾರಣ ಉಳಿಯುವುದಿಲ್ಲ. ಎಲ್‌ಟಿಟಿಇ ಮತ್ತು ಸಿಮಿ ಎರಡೂ ದಾರಿಗಳಲ್ಲಿ ಒಟ್ಟಿಗೆ ನಿಷಿದ್ಧ; ರಾಜೀವ್ ಗಾಂಧಿ ಹತ್ಯೆಯ ಬಳಿಕ, 1992ರ ಮೇಯಿಂದ ಎಲ್‌ಟಿಟಿಇ ನಿಷೇಧ ಮತ್ತೆ ಮತ್ತೆ ನ್ಯಾಯಮಂಡಳಿಯ ಮುಂದೆ ಹೋಗಿ ನಿಂತಿದೆ. ಅಂಥ ಸಂಘಟನೆಯ ಮೇಲೂ ವಿಚಾರಣೆ ನಡೆದು ದೇಶಕ್ಕೆ ಹಾನಿಯಾಗಲಿಲ್ಲ.

ಎರಡನೆಯ ಆಕ್ಷೇಪ ಕಾನೂನಿನದು. 2003ರ ಡಿಸೆಂಬರ್‌ನಲ್ಲಿ ಪಿಯುಸಿಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೋಟಾದ ಪಟ್ಟಿ ವ್ಯವಸ್ಥೆಯನ್ನು ಒಪ್ಪಿತು: ಮೊದಲೇ ಕೇಳಬೇಕಿಲ್ಲ, ಆಮೇಲೆ ಪುನರ್‌ಪರಿಶೀಲನೆ ಇದ್ದರೆ ಸಾಕು ಎಂದಿತು. ಹಾಗಾಗಿ ಇಂದಿನ ವ್ಯವಸ್ಥೆ ಅಸಾಂವಿಧಾನಿಕವೆಂದು ಸುಲಭವಾಗಿ ಹೇಳಲಾಗದು. ಆದರೆ ಸಂವಿಧಾನ ಸಹಿಸುವುದೆಲ್ಲ ಒಳ್ಳೆಯ ಕಾನೂನಲ್ಲ, ಮತ್ತು 1952ರಲ್ಲಿ ಸಲಹಾ ಮಂಡಳಿ ಸಾಲದು ಎಂದ ತರ್ಕಕ್ಕೂ 2003ರಲ್ಲಿ ಸಮಿತಿ ಸಾಕು ಎಂದ ತರ್ಕಕ್ಕೂ ಇರುವ ಕಂದಕ ಇನ್ನೂ ಮುಚ್ಚಿಲ್ಲ. ಸಮಿತಿಯ ಬಾಗಿಲು ತಟ್ಟುವವನ ಪಾಡನ್ನೂ ನೋಡಬೇಕು. ಸಂಘಟನೆಯ ಪರವಾಗಿ ಅರ್ಜಿಗೆ ಸಹಿ ಹಾಕಿದವನು ಅದರ ನಂಟನ್ನು ತನ್ನ ಕೈಯಾರೆ ಒಪ್ಪಿಕೊಂಡಂತಾಗುತ್ತದೆ. ಆ ನಂಟಿಗೇ ಹತ್ತು ವರ್ಷದವರೆಗಿನ ಸೆರೆಯ ಅಪಾಯವಿದೆ. ನ್ಯಾಯಮಂಡಳಿಯಲ್ಲಾದರೆ ಹೊರೆ ಸರ್ಕಾರದ ಮೇಲೆ, ಸಂಘ ಬರಲಿ ಬಿಡಲಿ ಸರ್ಕಾರ ತನ್ನ ಸಾಕ್ಷ್ಯವನ್ನು ತೋರಿಸಲೇಬೇಕು. ಬೇರೆ ದೇಶಗಳು ಇದನ್ನು ಕಂಡುಕೊಂಡಿವೆ. ಬ್ರಿಟನ್ನಿನಲ್ಲಿ ಗೃಹ ಸಚಿವರ ಆದೇಶಕ್ಕೆ ಸಂಸತ್ತಿನ ಒಪ್ಪಿಗೆ ಬೇಕು, ಮೇಲ್ಮನವಿಗೆ ವಿಶೇಷ ಆಯೋಗವಿದೆ. ಇರಾನಿನ ಪೀಪಲ್ಸ್ ಮುಜಾಹಿದೀನ್ ಸಂಘಟನೆಯ ಹೆಸರು 2008ರಲ್ಲಿ ಪಟ್ಟಿಯಿಂದ ಹೋದದ್ದು ಆ ಆಯೋಗದ ಆದೇಶದಿಂದ. ಅಮೆರಿಕದಲ್ಲಿ ವಿದೇಶಾಂಗ ಕಾರ್ಯದರ್ಶಿಯ ಘೋಷಣೆಯನ್ನು ಮೂವತ್ತು ದಿನದೊಳಗೆ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು.

ಮೂರನೆಯ ಆಕ್ಷೇಪ ಭಾವನೆಯದು, ಆದರೂ ಅದನ್ನು ಕಡೆಗಣಿಸಬಾರದು: ಚೆನ್ನಮ್ಮ, ರಾಯಣ್ಣ, ಗಾಂಧಿಯ ಕಾಂಗ್ರೆಸ್ಸಿನ ಹೆಸರನ್ನು ಲಷ್ಕರ್‌ನ ಚರ್ಚೆಯಲ್ಲಿ ತರುವುದೇ ಅವಮಾನವಲ್ಲವೇ? ಕಿತ್ತೂರು ಉತ್ಸವಕ್ಕೆ ಸೇರುವ ಜನರಿಗೆ ಈ ಪ್ರಶ್ನೆ ಸಹಜ. ಉದ್ದೇಶದಲ್ಲಾಗಲಿ ನಡತೆಯಲ್ಲಾಗಲಿ ಇಲ್ಲಿ ಹೋಲಿಕೆಯೇ ಇಲ್ಲ. ಚರ್ಚಿನಲ್ಲಿ ಬಾಂಬಿಟ್ಟವನು ನಾಳೆ ಹುತಾತ್ಮನಾದಾನು ಎಂಬ ಸೂಚನೆಯೂ ಇಲ್ಲ. ಹೋಲಿಕೆ ಇರುವುದು ಸರ್ಕಾರದ ಆಯುಧದಲ್ಲಿ. 1932ರ ಅಧಿಕಾರಿಯೂ ತಾನು ಶಾಂತಿ ಕಾಪಾಡುತ್ತಿದ್ದೇನೆ ಎಂದೇ ನಂಬಿದ್ದ, ಅವನ ಕಡತದಲ್ಲೂ ಗುಪ್ತಚರರ ವರದಿಗಳಿದ್ದವು. ಅವನ ನಂಬಿಕೆ ಸರಿಯೇ ಎಂದು ಕೇಳುವ ಅಧಿಕಾರ ಅಂದು ಯಾವ ನ್ಯಾಯಾಲಯಕ್ಕೂ ಇರಲಿಲ್ಲ ಎಂಬುದೇ ಆ ಕಾಯ್ದೆಯ ದೋಷ, ಮತ್ತು 35ನೇ ಕಲಮಿನಲ್ಲಿ ಅದೇ ದೋಷದ ದೊಡ್ಡ ಭಾಗ ಉಳಿದಿದೆ.

ತಪ್ಪಿನ ಬೆಲೆ ತೆರುವವರು ಯಾರು ಎಂಬುದಕ್ಕೆ ಹತ್ತಿರದ ಹುಬ್ಬಳ್ಳಿಯ ದಾಖಲೆ ಇದೆ. 2008ರಲ್ಲಿ ಸಿಮಿ ನಂಟಿನ ಆರೋಪದ ಮೇಲೆ ಬಂಧಿಸಲಾದ 17 ಜನರನ್ನು 2015ರ ಏಪ್ರಿಲ್‌ನಲ್ಲಿ ಅಲ್ಲಿಯ ನ್ಯಾಯಾಲಯ ಖುಲಾಸೆ ಮಾಡಿತು. ಏಳು ವರ್ಷ ಹಿಡಿಯಿತು. 2021ರಲ್ಲಿ ಥ್ವಾಹಾ ಫಸಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಭಯೋತ್ಪಾದಕ ಸಂಘಟನೆಯ ಜೊತೆ ಬರೀ ನಂಟಿದ್ದರೆ ಸಾಲದು, ಅದರ ಕೆಲಸವನ್ನು ಮುಂದುವರಿಸುವ ಉದ್ದೇಶ ಇರಬೇಕು ಎಂದು ಹೇಳಿ ಕೆಳಗಿನ ನ್ಯಾಯಾಲಯಗಳಿಗೆ ಒಂದು ಅಳತೆ ಕೊಟ್ಟಿದೆ. ಅದು ಬಿಡಿ ಆರೋಪಿಗೆ ಸಿಕ್ಕ ರಕ್ಷಣೆ. ಪಟ್ಟಿಯನ್ನು ಅದು ಮುಟ್ಟುವುದಿಲ್ಲ. ಪಟ್ಟಿಗೆ ಬೇಕಾದದ್ದು ದೊಡ್ಡ ಸುಧಾರಣೆಯೂ ಅಲ್ಲ: 4ನೇ ಕಲಮಿನ ನ್ಯಾಯಮಂಡಳಿಯನ್ನೂ 6ನೇ ಕಲಮಿನ ಐದು ವರ್ಷದ ಮಿತಿಯನ್ನೂ 35ನೇ ಕಲಮಿಗೆ ವಿಸ್ತರಿಸುವ ಒಂದು ತಿದ್ದುಪಡಿ. ತಕ್ಷಣ ಜಾರಿಯ ಅಧಿಕಾರ ಸರ್ಕಾರದ ಬಳಿಯೇ ಇರಲಿ. ಲಷ್ಕರ್, ಜೈಷ್‌ಗಳ ಹೆಸರು ಪ್ರತಿ ಐದು ವರ್ಷಕ್ಕೊಮ್ಮೆ ವಿಚಾರಣೆಯಲ್ಲಿ ಸುಲಭವಾಗಿ ನಿಲ್ಲುತ್ತದೆ. ನಿಲ್ಲಲಾಗದ ಹೆಸರಿದ್ದರೆ ಅದು ಅಲ್ಲಿ ಇರಬಾರದು. ಪಿಎಫ್‌ಐ ಮೇಲಿನ ನಿಷೇಧದ ಅವಧಿ 2027ರ ಸೆಪ್ಟೆಂಬರ್‌ನಲ್ಲಿ, 2024ರ ಜನವರಿಯಲ್ಲಿ ನವೀಕರಿಸಿದ ಸಿಮಿ ನಿಷೇಧದ ಅವಧಿ 2029ರ ಜನವರಿಯಲ್ಲಿ ಮುಗಿಯುತ್ತದೆ, ಮುಂದುವರಿಸಬೇಕೆಂದರೆ ಕೇಂದ್ರ ಮತ್ತೆ ನ್ಯಾಯಮೂರ್ತಿಯ ಮುಂದೆ ಬರಬೇಕು. ಮೊದಲನೆಯ ಅನುಸೂಚಿಯ ಯಾವ ಹೆಸರಿನ ಮುಂದೆಯೂ ಅಂಥ ದಿನಾಂಕವಿಲ್ಲ.